ಮೈದಾನಕ್ಕಿಳಿಯುವ ಹಕ್ಕು: ಸಣ್ಣ ಚಿತ್ರಗಳಿಗೆ ಸಾರ್ವಜನಿಕ ಹಣ, ಫುಟ್‌ಬಾಲಿನ ನ್ಯಾಯ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ವಿಷಯದ ಕಟ್ಟುಪಾಡು ಹಾಕಿಲ್ಲ. ಆ ಸ್ವಾತಂತ್ರ್ಯದಲ್ಲಿ, ಸಾಮಾನ್ಯವಾಗಿ ಒಂದೇ ವೇದಿಕೆಗೆ ಬಾರದ ಎರಡು ಸಂಗತಿಗಳನ್ನು ಇಂದು ಜೊತೆಗಿಟ್ಟು ನೋಡಬೇಕೆಂದಿದ್ದೇನೆ. ಒಂದು, ಕಡಿಮೆ ಬಜೆಟ್ಟಿನ ಚಿತ್ರಗಳಿಗೆ ಸಾರ್ವಜನಿಕ ಬೊಕ್ಕಸದಿಂದ ಬರುವ ಹಣ. ಇನ್ನೊಂದು, ಫುಟ್‌ಬಾಲಿನಲ್ಲಿ ‘ಫೇರ್ ಪ್ಲೇ’ ಎಂದು ಕರೆಯುವ ನ್ಯಾಯ. ಉದಾಹರಣೆಗಳು ಹೆಚ್ಚಾಗಿ ಬ್ರಿಟನ್ನಿನವು. ಆಧುನಿಕ ಫುಟ್‌ಬಾಲಿನ ನಿಯಮಾವಳಿ 1863ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡಿತು. ಸಿನಿಮಾಕ್ಕೆ ಸರ್ಕಾರದ ಹಣ ಕೊಡುವ ಕೆಲಸವನ್ನೂ ಆ ದೇಶ ಮುಕ್ಕಾಲು ಶತಮಾನದಿಂದ ಮಾಡುತ್ತ, ಎಡವುತ್ತ, ತಿದ್ದಿಕೊಳ್ಳುತ್ತ ಬಂದಿದೆ. ಅಲ್ಲಿನ ಗೆಲುವಿನಿಂದಲೂ ತಪ್ಪಿನಿಂದಲೂ ನಾವು ಕಲಿಯಬಹುದು.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಆಟದ ನ್ಯಾಯ ರೆಫರಿಯ ಸೀಟಿಯಿಂದ ಶುರುವಾಗುವುದಿಲ್ಲ. ಮೈದಾನದೊಳಗೆ ಯಾರನ್ನು ಬಿಟ್ಟರು, ಯಾರನ್ನು ಗೇಟಿನ ಹೊರಗೆ ನಿಲ್ಲಿಸಿದರು ಎಂಬಲ್ಲಿಂದ ಅದು ಶುರುವಾಗುತ್ತದೆ. ಸಣ್ಣ ಚಿತ್ರಗಳಿಗೆ ಕೊಡುವ ಸಾರ್ವಜನಿಕ ಹಣವನ್ನು ಉಪಕಾರವೆಂದು ಬಗೆಯದೆ, ಆ ಗೇಟನ್ನು ತೆರೆದಿಡುವ ಕರ್ತವ್ಯವೆಂದು ಬಗೆಯಬೇಕು.

ಸೀಟಿಗೆ ಮೊದಲಿನ ನ್ಯಾಯ

ಇಂಗ್ಲೆಂಡಿನ ಫುಟ್‌ಬಾಲ್ ಬಹುಕಾಲ ಸಿರಿವಂತರ ಶಾಲೆಗಳಲ್ಲಿ ಓದಿದವರ ಕೈಯಲ್ಲಿತ್ತು. ಅವರಲ್ಲಿ ನಿಜವಾದ ಸೌಜನ್ಯವೂ ಇತ್ತು. 1891ರಲ್ಲಿ ಪೆನಾಲ್ಟಿ ನಿಯಮ ಬಂದಾಗ ಕೊರಿಂಥಿಯನ್ ತಂಡದವರು ಅದನ್ನು ಅಪಮಾನವೆಂದೇ ಬಗೆದರು. ಸಜ್ಜನರು ಬೇಕೆಂದು ಫೌಲ್ ಮಾಡುವುದುಂಟೇ ಎಂಬುದು ಅವರ ನಿಲುವು. ಆ ಘನತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು.

1883ರ ಎಫ್‌ಎ ಕಪ್ ಅಂತಿಮ ಪಂದ್ಯದಲ್ಲಿ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿತು. ಗೆದ್ದವರಲ್ಲಿ ಹತ್ತಿ ಗಿರಣಿಯಲ್ಲೂ ಎರಕಶಾಲೆಯಲ್ಲೂ ದುಡಿಯುವವರಿದ್ದರು. ಪಂದ್ಯಕ್ಕೆ ಮುನ್ನ ಅವರು ಬ್ಲ್ಯಾಕ್‌ಪೂಲ್‌ನಲ್ಲಿ ಕೆಲವು ದಿನ ತಂಗಿ ಅಭ್ಯಾಸ ಮಾಡಿದ್ದರು. ಸ್ಥಳೀಯ ಕೈಗಾರಿಕೋದ್ಯಮಿಯೊಬ್ಬರು ಖರ್ಚಿಗೆ ನೆರವಾಗಿದ್ದರು. ಇದು ಕ್ರೀಡಾಮನೋಭಾವಕ್ಕೆ ತಕ್ಕದ್ದಲ್ಲ ಎಂಬ ಆಕ್ಷೇಪ ಎದ್ದಿತು. ಬಿಡುವು ಹುಟ್ಟಿನಿಂದಲೇ ಒದಗಿದವನು ವರ್ಷವಿಡೀ ಅಭ್ಯಾಸ ಮಾಡಿದರೆ ಅದು ಹವ್ಯಾಸ. ಕಾರ್ಮಿಕನು ದಾನಿಯ ನೆರವಿನಿಂದ ಕೆಲವು ದಿನ ಅಭ್ಯಾಸ ಮಾಡಿದರೆ ಅದು ಅನ್ಯಾಯ! ಆಟಕ್ಕೆ ಕೂಲಿ ಕೊಡುವುದು ಸರಿಯೇ ಎಂಬ ಜಗಳ 1885ರಲ್ಲಿ ಮುಗಿಯಿತು. ವೃತ್ತಿಪರ ಆಟಕ್ಕೆ ಒಪ್ಪಿಗೆ ಸಿಕ್ಕಿತು. ಶನಿವಾರದ ಕೂಲಿ ಕಳೆದುಕೊಂಡು ಆಡಲಾರದ ಹುಡುಗನಿಗೆ ಆ ಒಪ್ಪಿಗೆಯೇ ನಿಜವಾದ ನ್ಯಾಯವಾಗಿತ್ತು.

ಹೆಣ್ಣುಮಕ್ಕಳ ಕಥೆ ಇನ್ನೂ ಕಠೋರವಾದದ್ದು. ಪ್ರೆಸ್ಟನ್ನಿನ ಕಾರ್ಖಾನೆಯೊಂದರ ಹೆಂಗಸರು ಕಟ್ಟಿದ ಡಿಕ್, ಕೆರ್ ಲೇಡೀಸ್ ತಂಡ ಮೊದಲ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರ ನೆರವಿಗೆ ಆಡಿ ಹಣ ಕೂಡಿಸಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಅವರ ಆಟಕ್ಕೆ ಸುಮಾರು 53,000 ಜನ ಸೇರಿದ್ದರು. ಮುಂದಿನ ವರ್ಷವೇ, 1921ರ ಡಿಸೆಂಬರಿನಲ್ಲಿ, ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರು ಆಡಕೂಡದೆಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಕಟ್ಟಪ್ಪಣೆ ಮಾಡಿತು. ಹೆಚ್ಚುಕಡಿಮೆ ಅರ್ಧ ಶತಮಾನ ಆ ಅಪ್ಪಣೆ ಜಾರಿಯಲ್ಲಿತ್ತು. ಸ್ಕಾಟ್ಲೆಂಡಿನ ಸಂಸ್ಥೆ ಮಹಿಳಾ ಫುಟ್‌ಬಾಲಿಗೆ ಮಾನ್ಯತೆ ಕೊಟ್ಟದ್ದು 1974ರಲ್ಲಿ. ಆ ಐವತ್ತು ವರ್ಷಗಳಲ್ಲಿ ಗಂಡಸರ ಪಂದ್ಯಗಳು ಎಷ್ಟೇ ಶಿಸ್ತಿನಿಂದ ನಡೆದಿರಲಿ, ಯಾರೂ ಯಾರ ಕಾಲನ್ನೂ ಎಡವಿಸದಿರಲಿ, ಅದನ್ನು ನ್ಯಾಯದ ಆಟವೆನ್ನಲು ನನಗೆ ಮನಸ್ಸು ಬಾರದು.

ಸಿನಿಮಾದ ಗೇಟು

ಸಿನಿಮಾದ ಗೇಟಿನಲ್ಲಿ ಕಾವಲು ನಿಂತಿರುವುದು ಹಣ. ಕವಿಗೆ ಹಾಳೆ, ಲೇಖನಿ ಸಾಕು. ಹಾಡುಗಾರನಿಗೆ ಕಂಠ ಸಾಕು. ಚಿತ್ರ ಮಾಡುವವನಿಗೆ ಕ್ಯಾಮೆರಾ, ದೀಪ, ಧ್ವನಿ, ಸಂಕಲನ, ಹತ್ತಾರು ಜನರ ಊಟ-ವಸತಿ, ಕೊನೆಗೆ ಚಿತ್ರಮಂದಿರದ ಬಾಡಿಗೆ, ಎಲ್ಲವೂ ಬೇಕು. ಇಂದು ಡಿಜಿಟಲ್ ಕ್ಯಾಮೆರಾ ಅಗ್ಗವಾಗಿದೆ ನಿಜ. ಆದರೆ ಜನರ ಶ್ರಮ ಅಗ್ಗವಾಗಿಲ್ಲ, ತೆರೆಯೂ ಅಗ್ಗವಾಗಿಲ್ಲ.

1949ರಲ್ಲಿ ಬ್ರಿಟನ್ನಿನ ಲೇಬರ್ ಸರ್ಕಾರ ರಾಷ್ಟ್ರೀಯ ಚಲನಚಿತ್ರ ಹಣಕಾಸು ನಿಗಮವನ್ನು ಶಾಸನಬದ್ಧವಾಗಿ ಸ್ಥಾಪಿಸಿತು. ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಆಗ ವಾಣಿಜ್ಯ ಮಂತ್ರಿ. ಮೂಲನಿಧಿ 50 ಲಕ್ಷ ಪೌಂಡು. ಅದರಲ್ಲಿ 30 ಲಕ್ಷ ಒಂದೇ ದೊಡ್ಡ ಕಂಪನಿಗೆ, ಅಲೆಕ್ಸಾಂಡರ್ ಕೊರ್ಡಾ ಅವರ ಬ್ರಿಟಿಷ್ ಲಯನ್‌ಗೆ, ಸಾಲವಾಗಿ ಹೋಯಿತು. ‘ದ ಥರ್ಡ್ ಮ್ಯಾನ್’ನಂಥ ಒಳ್ಳೆಯ ಚಿತ್ರ ಆ ಕಾಲದ ಫಲವೇ ಹೌದು. ಆದರೆ ಸಾಲದ ಬಹುಪಾಲು ಮರಳಲಿಲ್ಲ. ದೊಡ್ಡವರಿಗೆ ಕೊಟ್ಟ ಹಣ ಸುರಕ್ಷಿತವೆಂಬ ನಂಬಿಕೆ ಹುಸಿಯೆಂಬುದನ್ನು ಇತಿಹಾಸ ಇಷ್ಟು ಹಿಂದೆಯೇ ತೋರಿಸಿತ್ತು.

1950ರಲ್ಲಿ ಇನ್ನೊಂದು ವ್ಯವಸ್ಥೆ ಬಂತು. ಖಜಾನೆಯ ಅಧಿಕಾರಿ ವಿಲ್ಫ್ರೆಡ್ ಈಡಿ ಅವರ ಹೆಸರಿನಲ್ಲಿ ಅದನ್ನು ಈಡಿ ಲೆವಿ ಎಂದು ಕರೆದರು. ಚಿತ್ರಮಂದಿರದ ಟಿಕೆಟ್ಟಿನ ಮೇಲೆ ಒಂದು ಸಣ್ಣ ಸುಂಕ ಎತ್ತಿ, ಬ್ರಿಟಿಷ್ ಚಿತ್ರಗಳ ನಿರ್ಮಾಪಕರಿಗೆ ಹಂಚುವುದು. ಉದ್ದೇಶ ಸೊಗಸಾಗಿತ್ತು, ಹಂಚಿಕೆಯ ಸೂತ್ರದಲ್ಲಿ ದೋಷವಿತ್ತು. ಯಾರ ಚಿತ್ರ ಹೆಚ್ಚು ಗಳಿಸಿತೋ ಅವರಿಗೆ ಹೆಚ್ಚು ಪಾಲು. ಅಮೆರಿಕದ ಕಂಪನಿಗಳು ಬ್ರಿಟನ್ನಿನಲ್ಲಿ ಚಿತ್ರೀಕರಿಸಿ ಆ ಹಣದ ದೊಡ್ಡ ಪಾಲನ್ನು ಕೊಂಡೊಯ್ದವು. ಜೇಮ್ಸ್ ಬಾಂಡ್ ಚಿತ್ರಗಳಿಗೂ ಅದರ ಲಾಭ ದಕ್ಕಿತು. ಗೆದ್ದವನಿಗೇ ಮತ್ತೆ ಮತ್ತೆ ಬಹುಮಾನ ಕೊಡುವ ಕೆಲಸವನ್ನು ಮಾರುಕಟ್ಟೆ ತಾನೇ ಮಾಡುತ್ತದೆ. ಅದಕ್ಕೆ ಸಾರ್ವಜನಿಕ ನಿಧಿ ಏಕೆ ಬೇಕು?

ಅದೇ ಲೆವಿಯ ಒಂದು ಸಣ್ಣ ಭಾಗ ಮಾತ್ರ ಬೇರೆ ದಾರಿ ಹಿಡಿಯಿತು. ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟಿನ ನಿರ್ಮಾಣ ಮಂಡಳಿಗೆ, ರಾಷ್ಟ್ರೀಯ ಚಲನಚಿತ್ರ ಶಾಲೆಗೆ, ಮಕ್ಕಳ ಚಿತ್ರಗಳಿಗೆ ಅದು ಸಂದಿತು. ನಿರ್ಮಾಣ ಮಂಡಳಿಯ ನೆರವಿನಿಂದ ಸ್ಕಾಟ್ಲೆಂಡಿನ ಬಿಲ್ ಡಗ್ಲಸ್ 1972ರಲ್ಲಿ ‘ಮೈ ಚೈಲ್ಡ್‌ಹುಡ್’ ಮಾಡಿದರು. 1973 ಮತ್ತು 1978ರಲ್ಲಿ ಅದರ ಮುಂದಿನ ಭಾಗಗಳು ಬಂದವು. ಎಡಿನ್‌ಬರೊ ಬಳಿಯ ಗಣಿ ಹಳ್ಳಿಯೊಂದರ ಬಡ ಹುಡುಗನ ಬಾಲ್ಯ, ಕಪ್ಪು-ಬಿಳುಪಿನಲ್ಲಿ, ಬಲು ಕಡಿಮೆ ಮಾತಿನಲ್ಲಿ. ಯಾವ ವಿತರಕನೂ ಇದಕ್ಕೆ ಮುಂಗಡ ಕೊಡುತ್ತಿರಲಿಲ್ಲ. ಇಂದು ಬ್ರಿಟಿಷ್ ಸಿನಿಮಾ ಕಲೆಯ ಬಗ್ಗೆ ಗಂಭೀರವಾಗಿ ಮಾತಾಡುವವರು ಈ ಮೂರು ಚಿತ್ರಗಳನ್ನು ಬಿಟ್ಟು ಮಾತಾಡಲಾರರು.

ಡೊರೊತಿಗೆ ಸಿಕ್ಕ ಆಯ್ಕೆ ಪರೀಕ್ಷೆ

ನಮ್ಮ ಎರಡು ವಿಷಯಗಳು ಒಂದೇ ಚೌಕಟ್ಟಿನಲ್ಲಿ ಕೂಡುವ ಚಿತ್ರವೊಂದಿದೆ. 1981ರಲ್ಲಿ ಬಂದ ‘ಗ್ರೆಗರೀಸ್ ಗರ್ಲ್’. ನಿರ್ದೇಶಕ ಗ್ಲಾಸ್ಗೊದ ಬಿಲ್ ಫೋರ್ಸಿತ್. ಕಥೆ ನಡೆಯುವುದು ಗ್ಲಾಸ್ಗೊ ಹತ್ತಿರದ ಕಂಬರ್‌ನಾಲ್ಡ್ ಎಂಬ ಹೊಸ ಬಡಾವಣೆ ಪಟ್ಟಣದ ಶಾಲೆಯೊಂದರಲ್ಲಿ. ಶಾಲೆಯ ಫುಟ್‌ಬಾಲ್ ತಂಡ ಸೋಲುತ್ತಲೇ ಇದೆ. ತರಬೇತುದಾರ ಹೊಸ ಆಟಗಾರರಿಗಾಗಿ ಆಯ್ಕೆ ಪರೀಕ್ಷೆ ಕರೆಯುತ್ತಾನೆ. ಡೊರೊತಿ ಎಂಬ ಹುಡುಗಿ ಬಂದು ನಿಲ್ಲುತ್ತಾಳೆ. ಅವನಿಗೆ ಇರುಸುಮುರುಸು. ಆದರೆ ಓಟದಲ್ಲಿ, ಚೆಂಡಿನ ಹಿಡಿತದಲ್ಲಿ ಅವಳೇ ಎಲ್ಲರಿಗಿಂತ ಮುಂದು. ಕೊನೆಗೆ ಅವಳು ತಂಡ ಸೇರುತ್ತಾಳೆ. ಮುಂಚೂಣಿಯಲ್ಲಿ ಆಡುತ್ತಿದ್ದ ಗ್ರೆಗರಿ ಗೋಲ್‌ಕೀಪರ್ ಆಗಬೇಕಾಗುತ್ತದೆ. ಅವನು ಸಿಟ್ಟಾಗುವುದಿಲ್ಲ, ಅವಳಿಗೆ ಮನಸೋಲುತ್ತಾನೆ. ಸ್ಕಾಟ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹೆಂಗಸರ ಆಟಕ್ಕೆ ಮಾನ್ಯತೆ ಕೊಟ್ಟು ಆಗ ಏಳೇ ವರ್ಷವಾಗಿತ್ತು ಎಂಬುದನ್ನು ನೆನೆದರೆ ಈ ನಗುಮುಖದ ಚಿತ್ರದ ಧೈರ್ಯ ತಿಳಿಯುತ್ತದೆ. ಡೊರೊತಿಯಾಗಿ ನಟಿಸಿದ ಡೀ ಹೆಪ್‌ಬರ್ನ್ ಪಾತ್ರಕ್ಕಾಗಿ ಪಾರ್ಟಿಕ್ ತಿಸಲ್ ಕ್ಲಬ್ಬಿನಲ್ಲಿ ತರಬೇತಿ ಪಡೆದಿದ್ದರು.

ಈ ಚಿತ್ರ ಹುಟ್ಟಿದ ಬಗೆಯೂ ಡೊರೊತಿಯ ಕಥೆಯಂಥದ್ದೇ. ಫೋರ್ಸಿತ್ ಮೊದಲು ಫಿಲ್ಮ್ ಇನ್ಸ್ಟಿಟ್ಯೂಟಿನ ನಿರ್ಮಾಣ ಮಂಡಳಿಯನ್ನು ಕೇಳಿದರು; ಅದು ಒಪ್ಪಲಿಲ್ಲ. ಆಗ ಗ್ಲಾಸ್ಗೊ ಯುವ ರಂಗಭೂಮಿಯ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು, ಕೆಲವೇ ಸಾವಿರ ಪೌಂಡುಗಳಲ್ಲಿ ‘ದಟ್ ಸಿಂಕಿಂಗ್ ಫೀಲಿಂಗ್’ ಎಂಬ ಚಿತ್ರ ಮಾಡಿ 1979ರ ಎಡಿನ್‌ಬರೊ ಚಿತ್ರೋತ್ಸವದಲ್ಲಿ ತೋರಿಸಿದರು. ತನ್ನ ಸಾಮರ್ಥ್ಯವನ್ನು ಎಲ್ಲರೆದುರು ಪರೀಕ್ಷೆಗೆ ಒಡ್ಡಿದ ಹಾಗಾಯಿತು. ಅದರ ನಂತರ ಹಣಕಾಸು ನಿಗಮವೂ ಸ್ಕಾಟಿಷ್ ಟೆಲಿವಿಷನ್ನೂ ಸೇರಿ ‘ಗ್ರೆಗರೀಸ್ ಗರ್ಲ್’ಗೆ ಹಣ ಹೂಡಿದವು. ಬಜೆಟ್ಟು ಸುಮಾರು ಎರಡು ಲಕ್ಷ ಪೌಂಡು. ಆಗ ನಿಗಮದ ಮುಖ್ಯಸ್ಥರಾಗಿದ್ದ ಮಾಮೂನ್ ಹಸನ್ ಅವರೇ ಹಿಂದೆ ನಿರ್ಮಾಣ ಮಂಡಳಿಯಲ್ಲಿದ್ದಾಗ ಬಿಲ್ ಡಗ್ಲಸ್ ಅವರ ಕೈಹಿಡಿದವರು. ಚಿತ್ರಕಥೆಗೆ ಬಾಫ್ಟಾ ಪ್ರಶಸ್ತಿ ಬಂತು. ಜನ ಮುಗಿಬಿದ್ದು ನೋಡಿದರು.

ಇಲ್ಲಿ ಎರಡು ಪಾಠಗಳಿವೆ. ಒಂದು ಮಂಡಳಿ ‘ಇಲ್ಲ’ ಎಂದರೂ ಇನ್ನೊಂದು ಬಾಗಿಲು ತಟ್ಟುವ ಅವಕಾಶ ಇರಬೇಕು. ಸಾರ್ವಜನಿಕ ಹಣ ಒಂದೇ ಮೇಜಿನ ಮೇಲೆ, ಒಂದೇ ಅಭಿರುಚಿಯ ಕೈಯಲ್ಲಿ ಇರಕೂಡದು. ಎರಡನೆಯದು, ಹಣ ಕೊಡುವ ಕುರ್ಚಿಯಲ್ಲಿ ಚಿತ್ರಗಳನ್ನು ನೋಡಬಲ್ಲ, ಹೊಸಬನನ್ನು ಗುರುತಿಸಬಲ್ಲ ವ್ಯಕ್ತಿ ಕೂತಿರಬೇಕು. ನಿಯಮ ಎಷ್ಟೇ ಚೆನ್ನಾಗಿದ್ದರೂ ಕಣ್ಣಿಲ್ಲದವರ ಕೈಗೆ ಸಿಕ್ಕರೆ ಅದು ಅರ್ಜಿಯ ಜೊತೆ ಲಗತ್ತಿಸಿದ ಕಾಗದಗಳನ್ನಷ್ಟೇ ಎಣಿಸುತ್ತದೆ.

ರೆಫರಿಯೇ ಆಟಗಾರನಾದರೆ

ಕೆನ್ ಲೋಚ್ ಅವರ ‘ಕೆಸ್’ (1969) ಚಿತ್ರದ ಫುಟ್‌ಬಾಲ್ ದೃಶ್ಯವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಯಾರ್ಕ್‌ಶೈರಿನ ಬಾರ್ನ್ಸ್‌ಲಿ ಎಂಬ ಗಣಿಗಾರಿಕೆಯ ಊರು. ಬಿಲ್ಲಿ ಎಂಬ ಬಡ ಹುಡುಗ. ವ್ಯಾಯಾಮದ ಮೇಷ್ಟ್ರು ಸಗ್ಡನ್ ತನ್ನನ್ನು ಮ್ಯಾಂಚೆಸ್ಟರ್ ಯುನೈಟೆಡ್‌ನ ಬಾಬಿ ಚಾರ್ಲ್‌ಟನ್ ಎಂದೇ ಭಾವಿಸಿಕೊಂಡು ಮಕ್ಕಳೊಂದಿಗೆ ಆಟಕ್ಕಿಳಿಯುತ್ತಾನೆ. ಅವನೇ ನಾಯಕ, ಅವನೇ ರೆಫರಿ. ತನಗೆ ತಾನೇ ಪೆನಾಲ್ಟಿ ಕೊಟ್ಟುಕೊಳ್ಳುತ್ತಾನೆ. ಗೋಲ್‌ಕೀಪರ್ ಹುಡುಗ ಅದನ್ನು ತಡೆದರೆ, ನೀನು ಮೊದಲೇ ಅಲುಗಾಡಿದೆ ಎಂದು ಮತ್ತೊಮ್ಮೆ ಒದೆಯುತ್ತಾನೆ. ತನ್ನ ತಂಡ ಸೋತ ಕೋಪವನ್ನು ಬಿಲ್ಲಿಯನ್ನು ತಣ್ಣೀರಿನ ಷವರ್ ಕೆಳಗೆ ನಿಲ್ಲಿಸಿ ತೀರಿಸಿಕೊಳ್ಳುತ್ತಾನೆ. ನಗುತ್ತ ನೋಡಲಾರಂಭಿಸಿದ ನಮಗೆ ಕೊನೆಗೆ ಗಂಟಲು ಕಟ್ಟುತ್ತದೆ.

‘ಕೆಸ್’ಗೆ ಹಣ ಕೊಟ್ಟದ್ದು ಅಮೆರಿಕದ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ. ಆದರೆ ಅದನ್ನು ಮಾಡುವ ಕೈಗಳನ್ನು ಪಳಗಿಸಿದ್ದು ಬಿಬಿಸಿ. ಲೋಚ್ ಮತ್ತು ನಿರ್ಮಾಪಕ ಟೋನಿ ಗಾರ್ನೆಟ್ ಅಲ್ಲಿಯೇ 1966ರಲ್ಲಿ ‘ಕೇತಿ ಕಮ್ ಹೋಮ್’ ಮಾಡಿ, ಮನೆಯಿಲ್ಲದವರ ಸಂಕಟವನ್ನು ಇಡೀ ದೇಶದ ಮುಂದಿಟ್ಟಿದ್ದರು. ಜನ ಕಟ್ಟುವ ಪರವಾನಗಿ ಶುಲ್ಕದಿಂದ ನಡೆಯುವ ಸಂಸ್ಥೆ ಜನರ ಬದುಕನ್ನೇ ತೋರಿಸಲು ಅವರಿಗೆ ಅವಕಾಶ ಕೊಟ್ಟಿತು. ಸಾರ್ವಜನಿಕ ಹಣದ ಫಲ ಅದೇ ಚಿತ್ರದಲ್ಲಿ, ಅದೇ ವರ್ಷ ಕಾಣಬೇಕೆಂದಿಲ್ಲ.

ಸಗ್ಡನ್ ಮೇಷ್ಟ್ರ ಪಂದ್ಯ ಎಲ್ಲ ಆಯ್ಕೆ ಸಮಿತಿಗಳಿಗೂ ಎಚ್ಚರಿಕೆಯ ಗಂಟೆ. ಸಹಾಯಧನ ಹಂಚುವ ಸಮಿತಿಯಲ್ಲಿ ಕೂತವರ ಚಿತ್ರವೋ, ಅವರ ಆಪ್ತರ ಚಿತ್ರವೋ ಅದೇ ಸುತ್ತಿನಲ್ಲಿ ಸ್ಪರ್ಧೆಗಿದ್ದರೆ ಆ ಆಟಕ್ಕೆ ಅರ್ಥವಿಲ್ಲ. ಮಂತ್ರಿಯ ಇಷ್ಟಾನಿಷ್ಟ ನೋಡಿ ತೀರ್ಪು ಬರೆದರೂ ಅಷ್ಟೇ. ಹಣ ಕೊಟ್ಟ ಮೇಲೆ ಚಿತ್ರದೊಳಗೆ ಕೈಹಾಕದಿರುವುದು ಕೊಡುವವರ ಧರ್ಮ. ಈ ವೇದಿಕೆಗೆ ದತ್ತಿ ಇಟ್ಟವರು ನಾನೇನು ಮಾತಾಡಬೇಕೆಂದು ಹೇಳಿಲ್ಲ. ಹೇಳಿದ್ದರೆ ಇದು ಉಪನ್ಯಾಸವಾಗದೆ ಪ್ರಚಾರವಾಗುತ್ತಿತ್ತು.

ನಿಯಮದ ಅಕ್ಷರ, ನಿಯಮದ ಆಶಯ

2018ರ ವಿಶ್ವಕಪ್‌ನಲ್ಲಿ ಜಪಾನ್ ಮತ್ತು ಸೆನೆಗಲ್ ಅಂಕದಲ್ಲೂ ಗೋಲಿನ ಲೆಕ್ಕದಲ್ಲೂ ಸರಿಸಮವಾಗಿದ್ದವು. ಪರಸ್ಪರ ಪಂದ್ಯವೂ 2-2ರ ಸಮಬಲ. ಆಗ ಫೇರ್ ಪ್ಲೇ ನಿಯಮದಂತೆ ಹಳದಿ ಕಾರ್ಡುಗಳನ್ನು ಎಣಿಸಿದರು. ಜಪಾನಿಗೆ 4, ಸೆನೆಗಲ್‌ಗೆ 6. ಜಪಾನ್ ಮುಂದಿನ ಹಂತಕ್ಕೆ ಹೋಯಿತು. ಆದರೆ ಪೋಲೆಂಡಿನ ವಿರುದ್ಧದ ಕೊನೆಯ ಪಂದ್ಯದಲ್ಲಿ 1-0ರಿಂದ ಹಿಂದಿದ್ದ ಜಪಾನ್, ಸೆನೆಗಲ್ ಕೂಡ ಸೋಲುತ್ತಿರುವ ಸುದ್ದಿ ತಿಳಿದು, ಕೊನೆಯ ನಿಮಿಷಗಳನ್ನು ಚೆಂಡನ್ನು ತಮ್ಮಲ್ಲೇ ದಾಟಿಸಿಕೊಳ್ಳುತ್ತ ಕಳೆಯಿತು. ಪ್ರೇಕ್ಷಕರು ಕೂಗಿ ಅಸಮಾಧಾನ ತೋರಿದರು. ಯಾವ ನಿಯಮವೂ ಮುರಿಯಲಿಲ್ಲ. ಫೇರ್ ಪ್ಲೇ ಹೆಸರಿನಲ್ಲೇ ಆಟ ನಿಂತುಹೋಯಿತು.

ಅದರ ಪಕ್ಕದಲ್ಲಿ 2000ದ ಡಿಸೆಂಬರಿನ ಇನ್ನೊಂದು ಪಂದ್ಯವನ್ನು ಇಡುತ್ತೇನೆ. ಎವರ್ಟನ್ ವಿರುದ್ಧ ವೆಸ್ಟ್ ಹ್ಯಾಮ್. 1-1 ಸಮ, ಆಟ ಮುಗಿಯುವ ಹೊತ್ತು. ಎವರ್ಟನ್ ಗೋಲ್‌ಕೀಪರ್ ಗಾಯಗೊಂಡು ನೆಲದಲ್ಲಿ ಬಿದ್ದಿದ್ದಾನೆ. ವೆಸ್ಟ್ ಹ್ಯಾಮಿನ ಪಾವ್ಲೊ ಡಿ ಕಾನಿಯೊ ಕಡೆಗೆ ಚೆಂಡು ಹಾರಿ ಬಂತು. ಗೋಲಿಗೆ ಒದೆಯುವ ಬದಲು ಆತ ಚೆಂಡನ್ನು ಕೈಯಲ್ಲಿ ಹಿಡಿದು ಆಟ ನಿಲ್ಲಿಸಿದ. ಅಕ್ಷರಶಃ ನೋಡಿದರೆ ಅವನೇ ನಿಯಮ ಮುರಿದದ್ದು. ಎದುರಾಳಿ ತಂಡದ ಅಭಿಮಾನಿಗಳೇ ಎದ್ದುನಿಂತು ಚಪ್ಪಾಳೆ ತಟ್ಟಿದರು. ಫಿಫಾ ಅವನಿಗೆ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತು.

ನಮ್ಮಲ್ಲಿ ‘ಸಬ್ಸಿಡಿ ಸಿನಿಮಾ’ ಎಂಬ ಮಾತು ಬೈಗುಳದಂತೆ ಬಳಕೆಯಲ್ಲಿದೆ. ಸಹಾಯಧನದ ಷರತ್ತುಗಳನ್ನಷ್ಟೇ ಪೂರೈಸಿ, ಯಾರೂ ನೋಡದ, ಯಾರಿಗೂ ತೋರಿಸಬೇಕೆಂಬ ಹಂಬಲವೂ ಇಲ್ಲದ ಚಿತ್ರಗಳು. ಹಣ ಪಡೆದವರು ಕಾನೂನು ಮುರಿದಿರುವುದಿಲ್ಲ. ಜಪಾನಿನ ಆ ಕೊನೆಯ ನಿಮಿಷಗಳಂತೆ ಹೊತ್ತು ಕಳೆದಿರುತ್ತಾರೆ. ಇಂಥ ಚಿತ್ರಗಳು ಕದಿಯುವುದು ಸರ್ಕಾರದ ಹಣವನ್ನಷ್ಟೇ ಅಲ್ಲ, ಆ ಹಣದಿಂದ ತನ್ನ ಮೊದಲ ಚಿತ್ರ ಮಾಡಬಹುದಾಗಿದ್ದ ಯಾವುದೋ ಊರಿನ ಹುಡುಗಿಯ ಸರದಿಯನ್ನು. ಹಾಗೆಂದು ಸಹಾಯಧನವನ್ನೇ ನಿಲ್ಲಿಸಿ ಎನ್ನುವವರಿಗೆ ನನ್ನ ಉತ್ತರ: ಒಬ್ಬ ಕಾಲಹರಣ ಮಾಡಿದನೆಂದು ಯಾರೂ ಮೈದಾನಕ್ಕೆ ಬೀಗ ಹಾಕುವುದಿಲ್ಲ. ನಿಯಮವನ್ನು ತಿದ್ದುತ್ತಾರೆ, ಆಡುವವರನ್ನು ನಾಚಿಸುತ್ತಾರೆ, ಆಟ ಮುಂದುವರಿಯುತ್ತದೆ.

ಪಾಲಿನ ಪ್ರಶ್ನೆ

ಹಣವಂತರ ಆಟವೆಂದೇ ಹೆಸರಾದ ಇಂಗ್ಲಿಷ್ ಪ್ರೀಮಿಯರ್ ಲೀಗನ್ನು ನೋಡಿ. ಅದು ತನ್ನ ದೇಶದೊಳಗಿನ ಟಿವಿ ಹಣದ ಅರ್ಧವನ್ನು ಎಲ್ಲ 20 ಕ್ಲಬ್‌ಗಳಿಗೂ ಸಮನಾಗಿ ಹಂಚುವ ಸೂತ್ರವನ್ನು ಇಟ್ಟುಕೊಂಡು ಬೆಳೆಯಿತು. ಉಳಿದದ್ದರಲ್ಲಿ ಕಾಲು ಭಾಗ ಸ್ಥಾನಕ್ಕೆ, ಕಾಲು ಭಾಗ ಪ್ರಸಾರವಾದ ಪಂದ್ಯಗಳ ಸಂಖ್ಯೆಗೆ. ಎದುರಾಳಿಯೇ ಇಲ್ಲದಿದ್ದರೆ ಪಂದ್ಯವೇ ಇಲ್ಲ ಎಂಬ ಸರಳ ಸತ್ಯ ಅಲ್ಲಿನ ವ್ಯಾಪಾರಿಗಳಿಗೂ ಗೊತ್ತಿದೆ. ಈಡಿ ಲೆವಿ ಮರೆತದ್ದು ಇದನ್ನೇ.

2021ರ ಏಪ್ರಿಲ್ 18ರಂದು ಯುರೋಪಿನ 12 ದೊಡ್ಡ ಕ್ಲಬ್‌ಗಳು ಪ್ರತ್ಯೇಕ ಸೂಪರ್ ಲೀಗ್ ಘೋಷಿಸಿದವು. ಸ್ಥಾಪಕ ಕ್ಲಬ್‌ಗಳು ಎಷ್ಟೇ ಕೆಟ್ಟದಾಗಿ ಆಡಿದರೂ ಹೊರಬೀಳುವಂತಿರಲಿಲ್ಲ. ಅಭಿಮಾನಿಗಳು ಬೀದಿಗಿಳಿದರು; ಎರಡೇ ದಿನಗಳಲ್ಲಿ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಗೆದ್ದು ಬರುವ ದಾರಿ ಮುಚ್ಚಿದರೆ ಅದು ನಮ್ಮ ಆಟವಲ್ಲ ಎಂದು ದೊಡ್ಡ ಕ್ಲಬ್‌ಗಳ ಅಭಿಮಾನಿಗಳೇ ಹೇಳಿದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಚಿತ್ರರಂಗದಲ್ಲಿ ಅಂಥ ಕೂಗು ಏಳುವುದು ಅಪರೂಪ. ಹಬ್ಬದ ವಾರದಲ್ಲಿ ಎಲ್ಲ ತೆರೆಗಳೂ ಒಂದೇ ದೊಡ್ಡ ಚಿತ್ರಕ್ಕೆ ಹೋದಾಗ, ಸಣ್ಣ ಚಿತ್ರಕ್ಕೆ ಬೆಳಗಿನ ಒಂದೇ ಆಟ ಸಿಕ್ಕಾಗ, ನಾವು ಸುಮ್ಮನಿರುತ್ತೇವೆ.

ಬ್ರಿಟನ್ನಿನ ಚಿತ್ರನಿಧಿಗಳ ಕಥೆಗೆ ಮರಳೋಣ. 1985ರಲ್ಲಿ ಥ್ಯಾಚರ್ ಸರ್ಕಾರ ಈಡಿ ಲೆವಿಯನ್ನೂ ಹಣಕಾಸು ನಿಗಮವನ್ನೂ ಮುಗಿಸಿತು. 1995ರಿಂದ ರಾಷ್ಟ್ರೀಯ ಲಾಟರಿಯ ಹಣ ಚಿತ್ರಗಳಿಗೆ ಬರತೊಡಗಿತು. ಅದನ್ನು ಹಂಚಲು 2000ದಲ್ಲಿ ಹುಟ್ಟಿದ ಯುಕೆ ಫಿಲ್ಮ್ ಕೌನ್ಸಿಲನ್ನು ಮುಚ್ಚುವ ನಿರ್ಧಾರ 2010ರಲ್ಲಿ ಹೊರಬಿತ್ತು. ಅದೇ ಕೌನ್ಸಿಲ್ 10 ಲಕ್ಷ ಪೌಂಡು ಕೊಟ್ಟಿದ್ದ ‘ದ ಕಿಂಗ್ಸ್ ಸ್ಪೀಚ್’ 2011ರ ಫೆಬ್ರವರಿಯಲ್ಲಿ ಶ್ರೇಷ್ಠ ಚಿತ್ರದ ಆಸ್ಕರ್ ಗೆದ್ದಿತು. ಮುಂದಿನ ತಿಂಗಳೇ ಕೌನ್ಸಿಲಿನ ಬಾಗಿಲು ಮುಚ್ಚಿತು. ಸಂಸ್ಥೆಗಳನ್ನು ಕೆಡವುವುದು ಸುಲಭ; ಆದರೆ ಒಳ್ಳೆಯ ಕೆಲಸಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದೂ ಇಲ್ಲ. ಲಂಡನ್ನಿನ ‘ಮೈಕ್ರೋವೇವ್’ ಎಂಬ ಪುಟ್ಟ ಯೋಜನೆ 2006ರಿಂದ ಸುಮಾರು ಒಂದು ಲಕ್ಷ ಪೌಂಡಿನ ಚಿತ್ರಗಳನ್ನು ಬೆಂಬಲಿಸಿ ‘ಶಿಫ್ಟಿ’, ‘ಲಿಲ್ಟಿಂಗ್’ನಂಥ ಮೊದಲ ಚಿತ್ರಗಳನ್ನು ಕೊಟ್ಟಿತು. ಸಣ್ಣ ಮೊತ್ತವೂ ಸರಿಯಾದ ಕೈಗೆ ಬಿದ್ದರೆ ಸಾಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಸರದಿ

ಭಾರತಕ್ಕೂ ಈ ದಾರಿ ಹೊಸದಲ್ಲ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಪೂರ್ತಿಯಾದದ್ದು ಪಶ್ಚಿಮ ಬಂಗಾಳ ಸರ್ಕಾರದ ಹಣದಿಂದ. 1960ರಲ್ಲಿ ಸ್ಥಾಪನೆಯಾದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ನೆರವಿನಿಂದ 1969ರಲ್ಲಿ ಮೃಣಾಲ್ ಸೆನ್ ಅವರ ‘ಭುವನ್ ಶೋಮ್’ ಬಂತು, ಹೊಸ ಅಲೆಗೆ ದಾರಿಯಾಯಿತು. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಅದರ ನಾಯಕ ನಮ್ಮ ಗಿರೀಶ ಕಾರ್ನಾಡ. ಕರ್ನಾಟಕ ಸರ್ಕಾರ 1960ರ ದಶಕದಿಂದಲೂ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತ ಬಂದಿದೆ. ಈ ನಾಡಿನ ಇತರ ಭಾಷೆಗಳ ಚಿತ್ರಗಳಿಗೂ ಅದು ವಿಸ್ತರಿಸಿದೆ. ‘ಬ್ಯಾರಿ’ ಎಂಬ ಚಿತ್ರ ಅದೇ ಹೆಸರಿನ ಪುಟ್ಟ ಭಾಷೆಗೆ 2011ನೇ ಸಾಲಿನ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿಯಲ್ಲಿ ಪಾಲು ತಂದುಕೊಟ್ಟಿತು. ಲಾಭದ ಲೆಕ್ಕವೊಂದನ್ನೇ ನಂಬಿದರೆ ಇಷ್ಟು ಕಡಿಮೆ ಜನ ಆಡುವ ಭಾಷೆಯಲ್ಲಿ ಯಾರು ಚಿತ್ರ ಮಾಡುತ್ತಾರೆ?

ಆಸ್ಪತ್ರೆ, ಶಾಲೆಗಳಿಗೇ ಹಣ ಸಾಲದಿರುವಾಗ ಸಿನಿಮಾಕ್ಕೇಕೆ ಎಂಬ ಪ್ರಶ್ನೆ ಪ್ರಾಮಾಣಿಕವಾದದ್ದು. ಯಾವ ಆಸ್ಪತ್ರೆಯ ಹಣವನ್ನೂ ಕಿತ್ತು ಚಿತ್ರ ಮಾಡಿ ಎಂದು ನಾನು ಹೇಳುವುದಿಲ್ಲ. ಟಿಕೆಟ್ಟಿನ ಮೇಲೆ ಜನ ಈಗಾಗಲೇ ತೆರಿಗೆ ಕೊಡುತ್ತಿದ್ದಾರೆ. ಆ ಹಣದ ಒಂದು ಸಣ್ಣ ಪಾಲು, ದೊಡ್ಡ ಚಿತ್ರಗಳು ತಿರುಗಿಯೂ ನೋಡದ ಬದುಕನ್ನು ತೆರೆಗೆ ತರುವವರಿಗೆ ಮರಳಲಿ ಎಂಬುದಷ್ಟೇ ಬೇಡಿಕೆ.

ಆದ್ದರಿಂದ ಸರ್ಕಾರಕ್ಕೆ, ಚಲನಚಿತ್ರ ಅಕಾಡೆಮಿಗೆ, ಚಿತ್ರೋದ್ಯಮದ ಹಿರಿಯರಿಗೆ ನನ್ನ ಮನವಿ ಹೀಗಿದೆ. ಸಹಾಯಧನದ ಒಂದು ಭಾಗವನ್ನು ಮೊದಲ ಚಿತ್ರ ಮಾಡುವವರಿಗೆಂದೇ ತೆಗೆದಿಡಿ; ಚಿತ್ರ ಮುಗಿದ ಮೇಲಷ್ಟೇ ಹಣ ಕೊಟ್ಟರೆ ಸಾಲ ತರಬಲ್ಲವರಿಗಷ್ಟೇ ಅದು ದಕ್ಕುತ್ತದೆ, ಚಿತ್ರಕಥೆಯ ಹಂತದಲ್ಲೇ ಕೊಡಿ. ಆಯ್ಕೆ ಸಮಿತಿಯ ಸದಸ್ಯರ ಹೆಸರನ್ನೂ, ಆಯ್ಕೆಗೆ ಮತ್ತು ತಿರಸ್ಕಾರಕ್ಕೆ ಕಾರಣಗಳನ್ನೂ ಪ್ರಕಟಿಸಿ. ತಮ್ಮವರ ಚಿತ್ರ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಲಿ. ಹಣ ಪಡೆದ ಚಿತ್ರ ಜಿಲ್ಲೆಗಳಲ್ಲಿ ತೆರೆ ಕಾಣುವ ಹೊಣೆಯನ್ನೂ ಜೊತೆಯಲ್ಲೇ ಹೊರಿ. ಪ್ರೇಕ್ಷಕರಾದ ನಾವೂ ವರ್ಷಕ್ಕೆ ಕೆಲವು ಸಣ್ಣ ಚಿತ್ರಗಳನ್ನಾದರೂ ಟಿಕೆಟ್ ಕೊಂಡು ನೋಡೋಣ. ಸಾರ್ವಜನಿಕ ಹಣ ಗೇಟನ್ನು ತೆರೆಯಬಲ್ಲದು. ಆಟಕ್ಕೆ ನೋಡುಗರಾಗಬೇಕಾದವರು ನಾವೇ.